ಕ್ಲಾಸಿನ್ಯಾಗ ಬಾಯಿ ಬಿಡದ ಕೂಸು

ನಮಸ್ಕಾರ್ರಿ ಎಲ್ಲಾರಿಗೂ. ಪುಣೆದಾಗ ಇರೋ ನಮ್ಮ ಕನ್ನಡದ ಮಂದಿಗೆ, ಅದರಾಗೂ ಪ್ರೈಮರಿ ಸಾಲ್ಯಾಗ ಕಲಿಸೋ ಟೀಚರ್‌ಗಳಿಗೆ, ಒಂದ ಮಾತು ಹೇಳೂದದ. ಕ್ಲಾಸಿನ್ಯಾಗ ಬಾಯಿನೇ ಬಿಡದ ಸಣ್ಣ ಮಕ್ಕಳ ಬಗ್ಗೆ.

ವಾಘೋಲಿ, ಹಿಂಜವಡಿ, ಹಡಪ್ಸರ್ ಕಡೆ ಬಿಲ್ಡಿಂಗ್ ಕೆಲಸಕ್ಕ ಕಲಬುರ್ಗಿ, ಯಾದಗಿರಿ, ವಿಜಯಪುರದಿಂದ ಮಂದಿ ಬರ್ತಾರ. ಅವರ ಕೂಸು ಮರಾಠಿ ಸಾಲ್ಯಾಗ ಕೂಡ್ತದ. ಮನ್ಯಾಗ ಕನ್ನಡ, ಬೋರ್ಡ್ ಮ್ಯಾಲೆ ಮರಾಠಿ, ಆಟಕ್ಕ ಹೋದ್ರ ಹಿಂದಿ, ಇಷ್ಟೆಲ್ಲಾ ಒಮ್ಮೆಗೇ ಮೈಮ್ಯಾಲೆ ಬಂದ್ರ ಆರು ವರ್ಷದ ಕೂಸು ಸುಮ್ಮನಾಗ್ತದ, ಆಮ್ಯಾಲೆ ಟೀಚರ್ ಅದಕ್ಕ ದಡ್ಡ ಅಂತಾರ, ಇಲ್ಲಾ ಹಟಮಾರಿ ಅಂತಾರ. ಎರಡೂ ತಪ್ಪು.

ಹೊಸ ಭಾಷೆಯೊಳಗ ಬಿದ್ದ ಮಕ್ಕಳು ಕೆಲವು ತಿಂಗಳು ಬರೇ ಕೇಳ್ಕೋತ ಇರೂದು ಸಹಜ. ಆದ್ರ ನೋಡ್ರಿ, ಆ ಕೂಸು ನಗ್ತದೇನು, ಆಟದಾಗ ಸೇರ್ತದೇನು, ಕನ್ನಡ ಬರೋ ಇನ್ನೊಂದು ಹುಡುಗಿ ಜೋಡಿ ಪಿಸುಪಿಸು ಮಾತಾಡ್ತದೇನು? ಹೌದು ಅಂದ್ರ ಗಾಬರಿ ಬ್ಯಾಡ. ಮನ್ಯಾಗ ಚಲೋ ಮಾತಾಡೋ ಕೂಸು ಸಾಲ್ಯಾಗ ಕನ್ನಡದಾಗೂ ಒಂದು ಶಬ್ದ ಆಡಂಗಿಲ್ಲ, ಮೊದಲ ತಿಂಗಳು ದಾಟಿ ಇನ್ನೂ ಒಂದು ತಿಂಗಳ ಮ್ಯಾಲೆ ಆದ್ರೂ ಹಂಗೇ ಅದ ಅಂದ್ರ, ಅದು ಸೆಲೆಕ್ಟಿವ್ ಮ್ಯೂಟಿಸಂ ಇರಬಹುದು. ಅದು ಸೊಕ್ಕಲ್ರೀ, ಅಂಜಿಕೆ. ಮಾತು ಗಂಟಲದಾಗೇ ನಿಂತುಬಿಡ್ತದ. ಹೌದೋ ಅಲ್ಲೋ ಅಂತ ಡಾಕ್ಟರೇ ಹೇಳಬೇಕು, ಆದ್ರ ಮೊದಲ ಕಣ್ಣಿಗೆ ಬೀಳೂದು ಟೀಚರಿಗೇ.

ಅಂಥ ಕೂಸಿಗೆ ಎದ್ದು ನಿಲ್ಲಿಸಿ "ಹೇಳು, ಹೇಳು" ಅನಬ್ಯಾಡ್ರಿ. ಮಾತಾಡಿದ್ರ ಚಾಕಲೇಟ್ ಕೊಡ್ತೀನಿ ಅಂತನೂ ಬ್ಯಾಡ, ಅದೂ ಒತ್ತಡನೇ. ಬೆರಳು ಮಾಡಿ ತೋರಿಸ್ಲಿ, ತಲಿ ಆಡಿಸ್ಲಿ, ಚಿತ್ರ ತಗೀಲಿ, ಅದನ್ನೇ ಉತ್ತರ ಅಂತ ತಗೊಳ್ರಿ. ಒಬ್ಬ ಗೆಳತೀನ ಮಗ್ಗಲಕ್ಕ ಕೂಡಸ್ರಿ. ಹಾಜರಿ ಕರೆಯುವಾಗ ಕೈ ಎತ್ತಿದ್ರ ಸಾಕು. ಮತ್ತ ಒಂದಿನ ಮಾತು ಹೊರಗ ಬಂತಂದ್ರ ಇಡೀ ಕ್ಲಾಸಿಂದ ಚಪ್ಪಾಳೆ ಹೊಡಸಬ್ಯಾಡ್ರಿ, ಏನೂ ಆಗಿಲ್ಲ ಅನ್ನೂವಂಗ ಪಾಠ ಮುಂದುವರಸ್ರಿ.

ಮತ್ತೊಂದು ಥರದ ಮಕ್ಕಳೂ ಇರ್ತಾರ. ನಿನ್ನೆ ತನಕ ವಟವಟ ಅಂತಿದ್ದ ಹುಡುಗ ಒಮ್ಮೆಲೇ ಸುಮ್ಮನಾಗ್ತಾನ, ಸಾಲಿ ಟೈಮಿಗೆ ಸರಿಯಾಗಿ ಹೊಟ್ಟಿ ನೋಯ್ತದ ಅಂತಾನ, ಡಬ್ಬಿ ಹಂಗೇ ವಾಪಸ್ ಒಯ್ತಾನ. ಇಲ್ಲಿ ತಡ ಮಾಡಬಾರದು, ಮನ್ಯಾಗೋ ಬಸ್ಸಿನ್ಯಾಗೋ ಏನರೆ ನಡದಿರಬಹುದು. ಕೂಸಿಗೆ ಯಾರರೆ ತ್ರಾಸ ಕೊಡಾಕತ್ತಾರ ಅನ್ನಿಸಿದ್ರ ಮಕ್ಕಳ ಸಹಾಯವಾಣಿ 1098ಕ್ಕ ಫೋನ್ ಹಚ್ರಿ.

ಬಡದು ಬಾಯಿ ಬಿಡಿಸ್ತೀನಿ ಅನ್ನವರು ಇನ್ನೂ ಅದಾರ, ಅದಕ್ಕ ಹೇಳ್ತೀನಿ: 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮಿನ ಪ್ರಕಾರ ಹೊಡೆಯೂದಷ್ಟೇ ಅಲ್ಲ, ಮಾನಸಿಕ ಕಿರುಕುಳ ಕೊಡೂದೂ ನಿಷಿದ್ಧ. ಇಡೀ ಕ್ಲಾಸಿನ ಮುಂದ "ಮೂಕ" ಅಂತ ಕರದು ನಗಸೂದು ಕಿರುಕುಳ ಅಲ್ಲಂದ್ರ ಮತ್ತೇನು?

ತಾಯಿ-ತಂದೆ ಜೋಡಿ ಮಾತಾಡುವಾಗ "ನಿಮ್ಮ ಮಗಗ ಏನೋ ರೋಗ ಅದ" ಅಂತ ಸುರು ಮಾಡಬ್ಯಾಡ್ರಿ, ಅವರು ಮರುದಿನದಿಂದ ಮಗನ್ನ ಸಾಲಿಗೇ ಕಳಸಂಗಿಲ್ಲ. ಮನ್ಯಾಗ ಏನ್ ಆಡ್ತಾನ, ಯಾರ ಜೋಡಿ ಜಾಸ್ತಿ ಮಾತಾಡ್ತಾನ ಅಂತ ಕೇಳ್ರಿ, ಅವರೇ ಎಲ್ಲಾ ಹೇಳ್ತಾರ. ಡಾಕ್ಟರ್ ಹತ್ರ ಹೋಗಾಕ ಹಿಂಜರಿದ್ರ ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಅದ, ನಂಬರ್ 14416, ಪುಕ್ಕಟೆ, ಹಗಲು ರಾತ್ರಿ ಯಾವಾಗರೆ ಫೋನ್ ಮಾಡಬಹುದು, ಕನ್ನಡದಾಗೂ ಮಾತಾಡ್ತಾರ.

ಕಡೀಕ, ಕನ್ನಡ ಮರಾಠಿ ಎರಡೂ ಬರೋ ಟೀಚರ್‌ಗಳಿಗೆ ನಂದೊಂದು ವಿನಂತಿ. ಇಂಥ ಕೂಸಿನ ತಾಯಿ ಗೇಟಿನ ಹತ್ರ ಬಂದು, ಮರಾಠಿ ಬರಂಗಿಲ್ಲ ಅಂತ ನಾಚಿ ಹಂಗೇ ಹೊಳ್ಳಿ ಹೋಗ್ತಾಳ. ಕೂಸು ನಿಮ್ಮ ಕ್ಲಾಸಿಂದು ಅಲ್ಲದಿದ್ರೂ ನೀವ ಹೋಗ್ರಿ, "ಅಕ್ಕಾರ, ಯಾವೂರ್ರಿ ನಿಮ್ದು?" ಅಂತ ಮಾತಿಗೆ ಹಚ್ರಿ, ಆಕಿ ಹೇಳಿದ್ದನ್ನ ಕ್ಲಾಸ್ ಟೀಚರಿಗೆ ಮುಟ್ಟಸ್ರಿ. ನಮಸ್ಕಾರ.