ಕುರ್ಚಿ ಹತ್ತುವ ಮುಂಚೆ ಗೋಡೆ ನೋಡಿ

ನಮಸ್ಕಾರ ಸ್ನೇಹಿತರೇ. ಇವತ್ತು ಡೆಂಗಿ ಬಗ್ಗೆ ಮಾತಾಡಬೇಕು ಅಂತ ಎಲ್ಲ ಬರೆದಿಟ್ಟುಕೊಂಡಿದ್ದೆ. ಅದನ್ನು ಪಕ್ಕಕ್ಕಿಟ್ಟೆ. ಕಾರಣ, ಹೋದ ವಾರದ ವಿಡಿಯೊ ಕೆಳಗೆ ಬಂದ ಒಂದು ಕಾಮೆಂಟ್. "ಸಾರ್, ದೊಡ್ಡ ಆಸ್ಪತ್ರೆಗೆ ಲೈಸೆನ್ಸ್ ಇರಲಿ. ಒಂದು ರೂಮು, ಒಂದು ಕುರ್ಚಿ ಇಟ್ಟುಕೊಂಡಿರೋ ಡಾಕ್ಟರಿಗೆ ಯಾಕೆ ಈ ಕಾಟ? ವಿನಾಯಿತಿ ಕೊಡಿ." ಅದಕ್ಕೆ ಲೈಕ್ ಬೇರೆ ಸಿಕ್ಕಾಪಟ್ಟೆ ಬಿದ್ದಿವೆ. ಓದಿ ನನಗೆ ಮೈ ಉರಿದುಹೋಯಿತು.

ಯಾಕೆ ಅಂತ ಹೇಳುತ್ತೇನೆ. ಮೊನ್ನೆ ಅಮ್ಮನಿಗೆ ದವಡೆ ಹಲ್ಲು ನೋವು. ರಾತ್ರಿಯಿಡೀ ಲವಂಗ ಕಚ್ಚಿಕೊಂಡು ಕೂತಿದ್ದರು. ಬೆಳಿಗ್ಗೆ ಮನೆ ಹತ್ತಿರದ ಒಂದು ಕ್ಲಿನಿಕ್‌ಗೆ ಕರೆದುಕೊಂಡು ಹೋದೆ. ಒಂದೇ ರೂಮು. ಗೋಡೆ ಮೇಲೆ ದೇವರ ಫೋಟೊ, ಒಂದು ಕ್ಯಾಲೆಂಡರ್. ನೋಂದಣಿ ನಂಬರ್ ಎಲ್ಲೂ ಇಲ್ಲ. ನಮಗಿಂತ ಮುಂಚೆ ಒಬ್ಬ ಹುಡುಗ ಕುರ್ಚಿಯಿಂದ ಎದ್ದ. ಅವನ ಬಾಯಿಗೆ ಹಾಕಿದ್ದ ಪುಟ್ಟ ಕನ್ನಡಿಯನ್ನು ಸಹಾಯಕಿ ನಲ್ಲಿ ಕೆಳಗೆ ಹಿಡಿದಳು. ಸ್ಪಿರಿಟ್ ಹತ್ತಿಯಲ್ಲಿ ಒಂದು ಸಲ ಒರೆಸಿದಳು. ಅದೇ ಸ್ಟೀಲ್ ಟ್ರೇಗೆ ವಾಪಸ್ ಇಟ್ಟಳು. "ಅಮ್ಮ, ಬನ್ನಿ" ಅಂದಳು.

ನಾನು ನೋಂದಣಿ ಎಲ್ಲಿ ಅಂತ ಕೇಳಿದೆ. "ಅರ್ಜಿ ಹಾಕಿದ್ದೀವಿ ಸಾರ್, ಬರುತ್ತೆ" ಅಂದರು. ಯಾವಾಗ ಹಾಕಿದ್ದೀರಿ ಅಂದರೆ ಉತ್ತರ ಇಲ್ಲ. ಅಮ್ಮನನ್ನು ಎಬ್ಬಿಸಿಕೊಂಡು ಹೊರಗೆ ಬಂದೆ. ನೋವಲ್ಲಿ ಅವರು ನನ್ನನ್ನೇ ಬೈದರು.

ಎರಡು ಬೀದಿ ಆಚೆ ಇನ್ನೊಂದು ಕ್ಲಿನಿಕ್. ಅಲ್ಲೂ ಒಂದೇ ರೂಮು, ಒಂದೇ ಕುರ್ಚಿ. ಆದರೆ ಬಾಗಿಲ ಪಕ್ಕ ಕೆಪಿಎಂಇ ಅನ್ನುವ ನೋಂದಣಿ ಸರ್ಟಿಫಿಕೇಟ್, ಅದರ ಕೆಳಗೆ ದರಪಟ್ಟಿ, ಕನ್ನಡದಲ್ಲಿ. ಡಾಕ್ಟರಮ್ಮ ಸೀಲ್ ಆಗಿದ್ದ ಪೊಟ್ಟಣವನ್ನು ಅಮ್ಮನ ಕಣ್ಣೆದುರೇ ಹರಿದರು. "ನೋಡಿ ಅಮ್ಮ, ಈ ಗುರುತಿನ ಬಣ್ಣ ತಿರುಗಿದೆ. ಅಂದರೆ ಸಾಮಾನು ಉಗಿಯಲ್ಲಿ ಬೆಂದು ಬಂದಿದೆ" ಅಂದರು. ಆಟೊಕ್ಲೇವ್ ಅಂದರೆ ಪ್ರೆಶರ್ ಕುಕ್ಕರ್ ತರಹದ ಯಂತ್ರ. 121 ಡಿಗ್ರಿ ಉಗಿಯಲ್ಲಿ ಸಲಕರಣೆ ಬೇಯಿಸುತ್ತದೆ. ಹತ್ತಿಯಲ್ಲಿ ಒರೆಸಿದರೆ ಆ ಕೆಲಸ ಆಗುವುದಿಲ್ಲ. ರೂಮು ಎರಡೂ ಕಡೆ ಒಂದೇ. ವ್ಯತ್ಯಾಸ ಕಂಡಿದ್ದು ಗೋಡೆ ಮೇಲೆ. ಅದಕ್ಕೇ ಹೇಳುತ್ತಿರುವುದು, ಕುರ್ಚಿ ಹತ್ತುವ ಮುಂಚೆ ಗೋಡೆ ನೋಡಿ.

ಕಾನೂನು ಏನು ಹೇಳುತ್ತದೆ? ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007. ಎಲ್ಲರೂ ಕೆಪಿಎಂಇ ಅನ್ನುವುದು ಇದನ್ನೇ. ಹಾಸಿಗೆ ಇರಲಿ, ಇಲ್ಲದಿರಲಿ, ಖಾಸಗಿ ಅಂದಮೇಲೆ ನೋಂದಣಿ ಬೇಕು. ಕ್ಲಿನಿಕ್, ಲ್ಯಾಬ್, ಸ್ಕ್ಯಾನಿಂಗ್ ಸೆಂಟರ್, ಫಿಸಿಯೊಥೆರಪಿ, ಎಲ್ಲಕ್ಕೂ. ಅದನ್ನು ಕೊಡುವುದು ಜಿಲ್ಲಾಧಿಕಾರಿ ಮುಖ್ಯಸ್ಥರಾಗಿರುವ ಪ್ರಾಧಿಕಾರ, ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಅದರ ಕಾರ್ಯದರ್ಶಿ. ಅರ್ಜಿ ಆನ್‌ಲೈನ್. 5 ವರ್ಷಕ್ಕೊಮ್ಮೆ ನವೀಕರಣ. 2024ರಲ್ಲಿ ಆರೋಗ್ಯ ಇಲಾಖೆ ಬೋರ್ಡಿನ ಬಣ್ಣವನ್ನೂ ಹೇಳಿತು. ಅಲೋಪಥಿಗೆ ನೀಲಿ, ಆಯುರ್ವೇದಕ್ಕೆ ಹಸಿರು. ನಕಲಿ ವೈದ್ಯರನ್ನು ಜನ ದೂರದಿಂದಲೇ ಗುರುತಿಸಲಿ ಅಂತ. ಇದು ಕಾಟ ಅಂತೀರಾ?

"ಸಣ್ಣ ಕ್ಲಿನಿಕ್, ಅಲ್ಲೇನು ಅಪಾಯ" ಅನ್ನುವವರು ವಾಣಿಯಂಬಾಡಿ ಕಥೆ ಕೇಳಿ. ಚೆನ್ನೈ ರೈಲಿನಲ್ಲಿ ಹೋಗುವಾಗ ದಾಟುತ್ತೇವಲ್ಲ, ಅದೇ ಊರು. 2023ರಲ್ಲಿ ಅಲ್ಲಿನ ಒಂದು ಹಲ್ಲಿನ ಕ್ಲಿನಿಕ್‌ಗೆ ಹೋಗಿಬಂದವರಲ್ಲಿ 8 ಜನ ಸತ್ತರು. ಮೆದುಳಿಗೆ ಹತ್ತುವ ಮೆಲಿಯೊಯ್ಡೊಸಿಸ್ ಸೋಂಕು. ಸಂಶೋಧಕರು ಜಾಡು ಹಿಡಿದು ಹೋದಾಗ ಸಿಕ್ಕಿದ್ದು ಒಂದು ಸಲೈನ್ ಬಾಟಲಿ. ವಸಡು ಬಿಡಿಸುವ ಸಲಕರಣೆಯಿಂದಲೇ ಅದರ ಮುಚ್ಚಳ ತೆಗೆದು, ಸರಿಯಾಗಿ ಮುಚ್ಚದೆ, ಅದೇ ನೀರನ್ನು ಬೇರೆಯವರ ಬಾಯಿಗೂ ಬಳಸಿದ್ದರು. ಹಲ್ಲು ನೋವು ಅಂತ ಹೋದವರು ರೀ! ನಮ್ಮ ಅಮ್ಮನ ಹಾಗೇ. ದೊಡ್ಡ ಆಪರೇಷನ್ ಥಿಯೇಟರ್ ಬೇಕಾಗಲಿಲ್ಲ. ಒಂದು ಬಾಟಲಿ ಸಾಕಾಯಿತು.

ಈಗ ಹೇಳಿ, ನೋಂದಣಿಯಿಂದ, ಒಳಗೆ ಹೋಗಿ ನೋಡುವ ತಪಾಸಣೆಯಿಂದ ಯಾರಿಗೆ ವಿನಾಯಿತಿ ಕೊಡೋಣ?

ವಿನಾಯಿತಿಯೇ ಇಲ್ಲ ಅಂತಲೂ ಅಲ್ಲ. ಡಾಕ್ಟರು ತಮ್ಮದೇ ರೋಗಿಗೆ ಮಾತ್ರೆ ಕೊಟ್ಟರೆ ಮೆಡಿಕಲ್ ಸ್ಟೋರ್ ಲೈಸೆನ್ಸ್ ಬೇಕಿಲ್ಲ. 1945ರ ಔಷಧ ನಿಯಮದ ಶೆಡ್ಯೂಲ್ 'ಕೆ'ಯಲ್ಲಿ ಅದಕ್ಕೆ ಷರತ್ತಿನ ಮೇಲೆ ಬಿಡುಗಡೆ ಇದೆ. ಸೂಜಿ, ರಕ್ತದ ಹತ್ತಿ ಎಲ್ಲ ವಿಲೇವಾರಿ ಮಾಡುವುದಕ್ಕೆ ಮಾಲಿನ್ಯ ಮಂಡಳಿ ಅನುಮತಿ ಬೇಕಲ್ಲ, ಹಾಸಿಗೆ ಇಲ್ಲದ ಕ್ಲಿನಿಕ್‌ಗೆ 2016ರ ನಿಯಮದಲ್ಲಿ ಅದು ಒಂದೇ ಸಲ. ತುಂಬಿದ ಅರ್ಜಿ ಕೊಟ್ಟು 90 ದಿನದಲ್ಲಿ ತಕರಾರು ಬರದಿದ್ದರೆ ಸಿಕ್ಕ ಹಾಗೇ ಲೆಕ್ಕ. ಇಂಥ ಕಡೆ ಕಾಗದ ಕಮ್ಮಿ ಮಾಡಲಿ, ಸಂತೋಷ. ಶುಲ್ಕ ಕಮ್ಮಿ ಮಾಡಲಿ, ಇನ್ನೂ ಸಂತೋಷ. ಗೋಡೆ ಮೇಲಿನ ನಂಬರ್ ಮಾತ್ರ ತೆಗೆಯುವ ಹಾಗಿಲ್ಲ.

ಮಧ್ಯದಲ್ಲಿ ಒಂದು ಮಾತು. ಈ ವಿಡಿಯೊ ಉಪಯೋಗ ಅನ್ನಿಸಿದರೆ ಚಾನೆಲ್ ಸಬ್‌ಸ್ಕ್ರೈಬ್ ಮಾಡಿ. ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಿ, ಅದರಲ್ಲೂ ವಯಸ್ಸಾದವರಿಗೆ. ಅವರು ಡಾಕ್ಟರ ಮುಂದೆ ಬಾಯಿ ಬಿಟ್ಟು ಕೇಳುವುದೇ ಇಲ್ಲ.

ಇನ್ನು ವಾದಗಳು. "ಸರ್ಕಾರಿ ಆಸ್ಪತ್ರೆಗೆ ಯಾಕೆ ಇಲ್ಲ?" ಸರಿಯಾದ ಪ್ರಶ್ನೆ. ಅವನ್ನೂ ಸೇರಿಸಿ ಅಂತ ಈ ಕಾಯ್ದೆ ತಿದ್ದುಪಡಿಗೆ ಸರ್ಕಾರವೇ ನೇಮಿಸಿದ್ದ ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ಸಮಿತಿಯೇ ಹೇಳಿತ್ತು, ಸರ್ಕಾರ ಸೇರಿಸಲಿಲ್ಲ. ಸೇರಿಸಿ! ನಾನೇ ಮೊದಲು ಚಪ್ಪಾಳೆ ತಟ್ಟುತ್ತೇನೆ. ಆದರೆ ಪಕ್ಕದ ಮನೆಗೆ ಬೀಗ ಇಲ್ಲ ಅಂತ ನಮ್ಮ ಮನೆ ಬೀಗ ಕಿತ್ತುಹಾಕುತ್ತೀರಾ?

"ಡಾಕ್ಟರುಗಳೇ ಈ ಕಾಯ್ದೆ ಬೇಡ ಅಂದಿದ್ದರು." 2017ರ ನವೆಂಬರ್‌ನಲ್ಲಿ ಮುಷ್ಕರ ಮಾಡಿದರು, ಬೆಳಗಾವಿವರೆಗೂ ಹೋದರು, ನೆನಪಿದೆ. ಓಪಿಡಿ ಮುಚ್ಚಿ ಜನ ಒದ್ದಾಡಿದ್ದೂ ನೆನಪಿದೆ. ಅವತ್ತಿನ ಗಲಾಟೆ ಕಾಯ್ದೆಗೆ ತರುತ್ತಿದ್ದ ತಿದ್ದುಪಡಿಯ ದರ ನಿಗದಿ, ಜೈಲು ಶಿಕ್ಷೆ ಬಗ್ಗೆ. ಕ್ಲಿನಿಕ್ ಇದೆ ಅಂತ ಸರ್ಕಾರಕ್ಕೆ ಗೊತ್ತಿರಬೇಕಾ ಬೇಡವಾ ಅನ್ನುವುದೇ ಬೇರೆ ಮಾತು. ಸುಮ್ನೆ ಎರಡನ್ನೂ ಕಲಸಬೇಡಿ.

"ಲಂಚ ಕೇಳುತ್ತಾರೆ." ಕೇಳಿದವರ ಮೇಲೆ ಲೋಕಾಯುಕ್ತಕ್ಕೆ ದೂರು ಕೊಡಿ. ಅದಕ್ಕೆ ನಮ್ಮ ಅಮ್ಮನ ಬಾಯಿಗೆ ತೊಳೆಯದ ಇಕ್ಕಳ ಯಾಕೆ?

"ಹಳ್ಳಿಯಲ್ಲಿ ಡಾಕ್ಟರ್ ಸಿಗುವುದೇ ಕಷ್ಟ." ಹಳ್ಳಿಯವರ ರಕ್ತ ಬೇರೆಯಾ? ಅವರಿಗೆ ಸೋಂಕು ಹತ್ತುವುದಿಲ್ಲವಾ? ಈ ಮಾತು ಕೇಳಿದರೆ ನನಗೆ ನಿಜವಾಗಲೂ ಸಿಟ್ಟು ಬರುತ್ತದೆ.

ಒಂದು ಬೇಕರಿಗೆ ಲೈಸೆನ್ಸ್ ಬೇಕು. ಕಡಲೆಪುರಿ ಪ್ಯಾಕೆಟ್ ಮೇಲೆ ನಂಬರ್ ಇರಬೇಕು. ನಮ್ಮ ಬಾಯೊಳಗೆ ಸೂಜಿ ಚುಚ್ಚುವ ಜಾಗಕ್ಕೆ ಬೇಡವಾ? ಬೇಕು ಸ್ವಾಮಿ, ಬೇಕೇ ಬೇಕು. ನೂರು ಸಲ ಕೇಳಿದರೂ ಇದನ್ನೇ ಹೇಳುತ್ತೇನೆ.

ನಿಮ್ಮಿಂದ ಒಂದು ಕೆಲಸ ಆಗಬೇಕು. ಮುಂದಿನ ಸಲ ಕ್ಲಿನಿಕ್‌ಗೆ ಹೋದಾಗ ಗೋಡೆ ಮೇಲೆ ಸರ್ಟಿಫಿಕೇಟ್ ಇದೆಯಾ, ಅವಧಿ ಮುಗಿದಿಲ್ಲ ತಾನೇ, ನೋಡಿ. ಇಲ್ಲದಿದ್ದರೆ ಮರ್ಯಾದೆಯಿಂದಲೇ ಕೇಳಿ. "ಅರ್ಜಿ ಹಾಕಿದ್ದೀವಿ" ಅಂದರೆ ಯಾವ ತಾರೀಕು ಅಂತ ಕೇಳಿ. ಉತ್ತರ ಇಲ್ಲದಿದ್ದರೆ ಎದ್ದು ಬನ್ನಿ, ಡಿಎಚ್‌ಒ ಆಫೀಸಿಗೆ ಒಂದು ಕಾಗದ ಬರೆಯಿರಿ. ಚೆನ್ನಾಗಿ ನಡೆಸುತ್ತಿರುವ ಸಣ್ಣ ಕ್ಲಿನಿಕ್ ಕಂಡರೆ ಕಾಮೆಂಟಿನಲ್ಲಿ ಊರಿನ ಹೆಸರು ಹಾಕಿ, ಅಂಥವರನ್ನು ಮಾತಾಡಿಸಿ ಒಂದು ವಿಡಿಯೊ ಮಾಡೋಣ.

ಡೆಂಗಿ ವಿಡಿಯೊ ಭಾನುವಾರ ಬರುತ್ತದೆ. ಅಮ್ಮ ಕರೆಯುತ್ತಿದ್ದಾರೆ. ಇವತ್ತು ಐದು ಗಂಟೆಗೆ ಹೊಲಿಗೆ ಬಿಚ್ಚಿಸಬೇಕು, ಅದೇ ಡಾಕ್ಟರಮ್ಮನ ಹತ್ತಿರ. ಹೊರಡುತ್ತೇನೆ.