ತೆಪ್ಪ, ಹೊಲ, ಪಹಣಿ: ಕೃಷ್ಣೆಯ ಗಡ್ಡಿಗಳಲ್ಲಿ ಬದುಕು

ಕೇಳುಗರಿಗೆ ನಮಸ್ಕಾರ.

ರಾಯಚೂರು ತಾಲ್ಲೂಕಿನ ಕುರ್ವಕಲಾ, ಕುರ್ವಕುರ್ದಾ ಊರುಗಳಿಗೆ ಸುತ್ತಲೂ ಕೃಷ್ಣೆ. ಒಂದು ದಡಕ್ಕೆ ಇಳಿದರೆ ಆತ್ಕೂರು, ಡೊಂಗರಾಂಪುರದ ಕಡೆಯ ನಮ್ಮ ಜಿಲ್ಲೆ. ಇನ್ನೊಂದು ದಡಕ್ಕೆ ಇಳಿದರೆ ತೆಲಂಗಾಣದ ಮಕ್ತಲ್ ಸೀಮೆ, ಪಂಚದೇವಪಹಾಡ. ದತ್ತಾವತಾರಿ ಎಂದು ಭಕ್ತರು ನಂಬುವ ಶ್ರೀಪಾದ ಶ್ರೀವಲ್ಲಭರ ಕುರವಪುರವೂ ಇದೇ ಹೊಳೆಯ ನಡುವಿನ ಗಡ್ಡಿ, ಅಂದರೆ ನಡುಗಡ್ಡೆ. ಅಲ್ಲಿಗೆ ಎರಡೂ ರಾಜ್ಯದ ಭಕ್ತರು ಬರುತ್ತಾರೆ. ಸಂತೆ ಆಚೆ, ಕಚೇರಿ ಈಚೆ, ನೆಂಟಸ್ತನ ಎರಡೂ ಕಡೆ.

ಗಡ್ಡಿಯವರು ಮೊದಲು ಕಲಿಯಬೇಕಾದದ್ದು ಕ್ಯೂಸೆಕ್ ಲೆಕ್ಕ. ಊರಲ್ಲಿ ಒಂದು ಹನಿ ಮಳೆ ಇಲ್ಲದಿದ್ದರೂ ಹೊಳೆ ಏರುತ್ತದೆ, ಏಕೆಂದರೆ ಆ ಮಳೆ ಬಿದ್ದದ್ದು ಮಹಾಬಲೇಶ್ವರದ ಘಟ್ಟದಲ್ಲಿ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಒಂದು ಲಕ್ಷ ಕ್ಯೂಸೆಕ್ ಬಿಟ್ಟರು ಅಂದರೆ ಸೆಕೆಂಡಿಗೆ 28 ಲಕ್ಷ ಲೀಟರ್ ನೀರು ಹೊರಟಿದೆ ಎಂದು ತಿಳಿಯಿರಿ. ಯಾವ ಅಣೆಕಟ್ಟಿನ ಅಂಕಿ ನೋಡಬೇಕು ಎಂಬಲ್ಲೇ ಬಹಳ ಮಂದಿ ತಪ್ಪುವುದು. ಲಿಂಗಸುಗೂರು ತಾಲ್ಲೂಕಿನ ಗಡ್ಡಿಗಳಿಗೆ ನಾರಾಯಣಪುರ ಅಣೆಕಟ್ಟಿನ ಅಂಕಿಯೊಂದೇ ಸಾಕು. ಕುರ್ವಕಲಾ, ಕುರ್ವಕುರ್ದಾಗಳಿಗೆ ಅದು ಸಾಲದು, ಏಕೆಂದರೆ ನಡುವೆ ಕಡ್ಲೂರಿನ ಹತ್ತಿರ ಭೀಮಾ ನದಿ ಬಂದು ಕೂಡುತ್ತದೆ. ಸೊನ್ನ ಬ್ಯಾರೇಜಿನಿಂದ ಭೀಮೆಗೆ ಎಷ್ಟು ಬಿಟ್ಟಿದ್ದಾರೆ ಎಂಬುದನ್ನೂ ಕೇಳಿ ಎರಡನ್ನೂ ಕೂಡಿಸಿಕೊಳ್ಳಬೇಕು. ಕೃಷ್ಣೆ ಇಳಿಯುತ್ತಿದೆ ಎಂಬ ಧೈರ್ಯದಲ್ಲಿ ಪಂಪ್‌ಸೆಟ್ ಅನ್ನು ದಡದಲ್ಲೇ ಬಿಟ್ಟವರ ಮೋಟಾರನ್ನು ಭೀಮೆ ಒಯ್ಯುತ್ತಾಳೆ. ಕೆಳಗಡೆ ಜುರಾಲಾ ಅಣೆಕಟ್ಟಿನ ಹಿನ್ನೀರೂ ಇದೆ. ಹಾಗಾಗಿ ಮೇಲಿನ ಹರಿವು ತಗ್ಗಿದ ದಿನವೇ ಹೊಲ ಬಿಡುವಾಗುತ್ತದೆ ಎಂದು ಎಣಿಸಬೇಡಿ.

ಇನ್ನು ತೆಪ್ಪ. ಬಿದಿರಿನ ಸೀಳುಗಳನ್ನು ದೊಡ್ಡ ಬುಟ್ಟಿಯ ಹಾಗೆ ಹೆಣೆದು, ಹೊರಮೈಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಡಾಂಬರು ಬಳಿದಿರುತ್ತಾರೆ. ಹಿಂದೆ ಹಾಳೆಯ ಬದಲು ಚರ್ಮ ಇರುತ್ತಿತ್ತು. ದುಂಡಗಿರುವುದರಿಂದ ಬಂಡೆಗಲ್ಲಿಗೆ ತಾಗಿದರೂ ಜಾರಿಕೊಂಡು ಹೋಗುತ್ತದೆ, ಕಡಿಮೆ ನೀರಲ್ಲೂ ತೇಲುತ್ತದೆ. ಅದು ಅದರ ಗುಣ. ಆದರೆ ಭಾರ ಒಂದು ಕಡೆ ವಾಲಿತೆಂದರೆ ಅಂಚು ನೀರಿಗೆ ಇಳಿದು, ಒಂದೇ ಉಸಿರಿಗೆ ಮಗುಚುತ್ತದೆ. ಹತ್ತುವಾಗ ಮೊದಲ ಹೆಜ್ಜೆ ನಡುಮಧ್ಯಕ್ಕೆ ಇಡಿ, ಕೂಡಲೇ ಕುಕ್ಕರಗಾಲಲ್ಲಿ ಕೂತುಬಿಡಿ. ಎದುರುಬದುರು ಸಮತೂಕವಾಗಿ ಕೂಡಬೇಕು. ದಡ ಹತ್ತಿರ ಬಂತು ಎಂದು ಎಲ್ಲರೂ ಒಮ್ಮೆಗೇ ಎದ್ದು ನಿಲ್ಲುವ ಗಳಿಗೆ ಬಲು ಅಪಾಯದ್ದು. 2020ರ ಆಗಸ್ಟ್‌ನಲ್ಲಿ ಪಂಚದೇವಪಹಾಡದ ಕಡೆಯಿಂದ ಗಡ್ಡಿಗೆ ಬರುತ್ತಿದ್ದ ತೆಪ್ಪ ಮಗುಚಿ ನಾಲ್ಕು ಮಂದಿ ಕೊಚ್ಚಿಹೋದರು. ಲೈಫ್ ಜಾಕೆಟ್ ಇದ್ದರೆ ತೆಪ್ಪದ ಮೂಲೆಗೆ ಹಾಕಬೇಡಿ, ಹಾಕಿಕೊಂಡು ಪಟ್ಟಿ ಬಿಗಿದುಕೊಳ್ಳಿ.

ಅಂಬಿಗ ತೆಪ್ಪವನ್ನು ದಡದಗುಂಟ ಮೇಲಕ್ಕೆ ಎಳೆದುಕೊಂಡು ಹೋಗಿ ಬಿಡುವುದನ್ನು ನೋಡಿ ಹೊಸಬರು ಅವಸರ ಮಾಡುತ್ತಾರೆ. ಅದರ ಹಿಂದೆ ಲೆಕ್ಕವಿದೆ. ಹೊಳೆ 400 ಮೀಟರ್ ಅಗಲ ಇದ್ದು, ಹುಟ್ಟು ಹಾಕುವವನು ನಿಮಿಷಕ್ಕೆ 40 ಮೀಟರ್ ಸಾಗಿದರೆ ದಾಟಲು ಹತ್ತು ನಿಮಿಷ ಬೇಕು. ಸೆಳವು ಸೆಕೆಂಡಿಗೆ ಒಂದೇ ಮೀಟರ್ ಇದ್ದರೂ ಅಷ್ಟರಲ್ಲಿ ತೆಪ್ಪ 600 ಮೀಟರ್ ಕೆಳಗೆ ಹೋಗಿರುತ್ತದೆ. ಮೇಲೆ ಹೋಗದೆ ಬಿಟ್ಟರೆ ಇಳಿಯುವ ಜಾಗ ತಪ್ಪಿ, ಬಂಡೆಗಳಿರುವ ಕಡೆಗೋ ಸುಳಿಗೋ ಸಿಕ್ಕಿಕೊಳ್ಳುತ್ತದೆ. ಬೇಸಿಗೆಯಲ್ಲಿ ಜಲ್ಲೆ, ಅಂದರೆ ಉದ್ದನೆಯ ಕೋಲು, ನೆಲಕ್ಕೆ ಊರಿಕೊಂಡು ಸಾಗಬಹುದು. ಮಳೆಗಾಲದಲ್ಲಿ ಜಲ್ಲೆ ನೆಲ ಮುಟ್ಟುವುದಿಲ್ಲ, ಹುಟ್ಟೊಂದೇ ಗತಿ. ಜಲ್ಲೆ ಮುಟ್ಟದ ನೀರಲ್ಲಿ, ಕತ್ತಲಾದ ಮೇಲೆ, ಎಷ್ಟೇ ಅವಸರದ ಕೆಲಸವಿದ್ದರೂ ಅಂಬಿಗನನ್ನು ಒತ್ತಾಯ ಮಾಡಬಾರದು.

ಸಾಮಾನಿನ ತೂಕವನ್ನೂ ಜನರ ತೂಕದ ಜೊತೆ ಕೂಡಿಸಿ. 50 ಕಿಲೋದ ಹತ್ತು ಸಿಮೆಂಟ್ ಚೀಲ ಅಂದರೆ ಎಂಟು ಜನ ಕೂತಂತೆ. ಮನೆ ಕಟ್ಟುವವರು ಸಿಮೆಂಟ್, ಕಬ್ಬಿಣ, ತಗಡನ್ನೆಲ್ಲ ಹೊಳೆ ಸಣ್ಣದಿರುವಾಗ, ಏಪ್ರಿಲ್ ಮೇ ತಿಂಗಳೊಳಗೆ ದಾಟಿಸಿಕೊಳ್ಳಬೇಕು. ದನದ ಗೊರಸು, ಕಬ್ಬಿಣದ ಸಲಾಕೆಯ ತುದಿ ಹಾಳೆಯನ್ನು ಸೀಳುತ್ತವೆ. ತೆಪ್ಪದ ತಳಕ್ಕೆ ಗೋಣಿಚೀಲ ಹಾಸಿ, ನೀರು ತೋಡಲು ಒಂದು ಡಬ್ಬಿ ಇಟ್ಟುಕೊಳ್ಳಿ.

ಪ್ರವಾಹದ ದಿನಗಳಲ್ಲಿ 108 ವಾಹನ ಆಚೆ ದಡಕ್ಕೇ ನಿಲ್ಲುತ್ತದೆ. ಆದ್ದರಿಂದ ತುಂಬು ಬಸುರಿಯರನ್ನು ಹೆರಿಗೆ ದಿನಕ್ಕೆ ಮೂರು ವಾರ ಮೊದಲೇ ದಡದ ಊರಿಗೆ ಕಳಿಸುವುದು ಒಳ್ಳೆಯದು. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಒಂದು ತಿಂಗಳಿಗಾಗುವಷ್ಟು ಮನೆಯಲ್ಲಿರಲಿ. ಹಾವು ಕಡಿದರೆ ನಾಟಿ ಮದ್ದಿಗೆ ಕಾಯದೆ, ಕಡಿದ ಕೈಕಾಲು ಅಲುಗದಂತೆ ಕಟ್ಟಿ, ಇರುವ ಮೊದಲ ತೆಪ್ಪಕ್ಕೆ ಹತ್ತಿಸಿ.

ಈಗ ಆಸ್ತಿಯ ವಿಚಾರ. ಗಡ್ಡಿಯ ಹೊಲ ಪಹಣಿಯಲ್ಲಿ ನಾಲ್ಕು ಎಕರೆ ಇದ್ದರೂ ನೆಲದ ಮೇಲೆ ಮೂರೂವರೆಯೇ ಉಳಿದಿರಬಹುದು. ಉಳಿದದ್ದನ್ನು ಹೊಳೆ ಕೊರೆದಿರುತ್ತದೆ. ಕೊಳ್ಳುವವರು ಪಹಣಿಯ 3ನೇ ಕಲಮಿನಲ್ಲಿ ವಿಸ್ತೀರ್ಣ ಮತ್ತು ಖರಾಬು (ಸಾಗುವಳಿಗೆ ಬಾರದ ನೆಲ), 9ರಲ್ಲಿ ಕಬ್ಜೆದಾರರ ಹೆಸರು, 11ರಲ್ಲಿ ಸಾಲ ಮತ್ತು ಋಣ ನೋಡಿ. ಅಲ್ಲಿಗೇ ನಿಲ್ಲದೆ ಹದ್ದುಬಸ್ತಿಗೆ, ಅಂದರೆ ಸರ್ಕಾರಿ ಭೂಮಾಪಕರಿಂದ ಗಡಿ ಗುರುತಿಸಲು, ಅರ್ಜಿ ಹಾಕಿ ಅಳೆಸಿ. ಜಮೀನಿನ ಯಾವುದಾದರೂ ಭಾಗ ಹಿನ್ನೀರಿನ ಮುಳುಗಡೆಗೆ ಸ್ವಾಧೀನವಾಗಿದೆಯೇ ಎಂದೂ ವಿಚಾರಿಸಿ.

ಬೆಳೆ ಹೋದಾಗ ಪರಿಹಾರ ಯಾರಿಗೆ ಸಿಗುತ್ತದೆ? ಉತ್ತವರಿಗಲ್ಲ, ಪಹಣಿಯಲ್ಲಿ ಹೆಸರಿದ್ದವರಿಗೆ. ಬಹಳ ಕಡೆ ಆ ಹೆಸರು ಇಪ್ಪತ್ತು ವರ್ಷದ ಹಿಂದೆ ತೀರಿಕೊಂಡ ಅಜ್ಜನದ್ದು. ಅಜ್ಜನಿಗೆ ಆಧಾರ್ ಇಲ್ಲ, ಸರ್ಕಾರದ ರೈತ ನೋಂದಣಿಯಾದ ಫ್ರೂಟ್ಸ್‌ನ ಗುರುತಿನ ಸಂಖ್ಯೆ ಇಲ್ಲ, ಬ್ಯಾಂಕ್ ಖಾತೆಯೂ ಇಲ್ಲ. ಹಣ ಬರುವುದೆಲ್ಲಿಂದ? ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ವಾರಸುದಾರರ ಆಧಾರ್ ಹಿಡಿದು ನಾಡಕಚೇರಿಯಲ್ಲಿ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಿಸಲು, ಅರ್ಜಿ ಕೊಡಿ. ಮಳೆಗಾಲಕ್ಕೆ ಮುಂಚೆ ಮಾಡಬೇಕಾದ ಕೆಲಸಗಳಲ್ಲಿ ಇದನ್ನೇ ಮೊದಲು ಮಾಡಿ ಎಂದು ಕೈಮುಗಿದು ಹೇಳುತ್ತೇನೆ.

2022ರಿಂದ 2026ರವರೆಗಿನ ವಿಪತ್ತು ಪರಿಹಾರ ನಿಯಮದಲ್ಲಿ, ಬೆಳೆ ಶೇ. 33 ಅಥವಾ ಅದಕ್ಕೂ ಹೆಚ್ಚು ಹಾಳಾಗಿದ್ದರೆ ಹೆಕ್ಟೇರಿಗೆ ಖುಷ್ಕಿಗೆ (ಮಳೆಯಾಶ್ರಿತ ಹೊಲಕ್ಕೆ) 8,500, ನೀರಾವರಿಗೆ 17,000 ರೂಪಾಯಿ, ಎರಡು ಹೆಕ್ಟೇರ್ ಮಿತಿಯಲ್ಲಿ. ಇದು ಅನೇಕರಿಗೆ ಗೊತ್ತು. ಗೊತ್ತಿಲ್ಲದ್ದು ಇನ್ನೆರಡಿವೆ. ಹೊಲದ ಮೇಲೆ ಮೂರು ಇಂಚಿಗಿಂತ ದಪ್ಪ ಮರಳು, ಹೂಳು ಕೂತಿದ್ದರೆ ತೆಗೆಸಲು ಹೆಕ್ಟೇರಿಗೆ 18,000. ನದಿ ಪಾತ್ರ ಬದಲಿಸಿ ಜಮೀನನ್ನೇ ಒಯ್ದಿದ್ದರೆ ಸಣ್ಣ, ಅತಿಸಣ್ಣ ರೈತರಿಗೆ ಹೆಕ್ಟೇರಿಗೆ 47,000 ರೂಪಾಯಿ. ಜಂಟಿ ಸಮೀಕ್ಷೆಗೆ ಬಂದವರು ಬೆಳೆಯನ್ನಷ್ಟೇ ಬರೆದುಕೊಂಡು ಹೋದರೆ ಈ ಎರಡು ತಪ್ಪಿಹೋಗುತ್ತವೆ. ಆದ್ದರಿಂದ ಹೂಳಿನಲ್ಲಿ ಒಂದು ಅಳತೆಪಟ್ಟಿ ನಿಲ್ಲಿಸಿ ಫೋಟೊ ತೆಗೆದು, ಸರ್ವೆ ನಂಬರ್ ಹಾಕಿ ಅರ್ಜಿ ಕೊಡಿ. ಸಮೀಕ್ಷೆ ಆಗುವವರೆಗೆ ಹೂಳಿನ ಮೇಲೆ ಟ್ರ್ಯಾಕ್ಟರ್ ಓಡಿಸಬೇಡಿ.

ಕೊನೆಯದಾಗಿ ಹಳೆಯ ಕಾಗದಗಳು. 1956ರ ನವೆಂಬರ್ ಒಂದರವರೆಗೆ ಈ ಎರಡೂ ದಡ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಅದಕ್ಕೇ ಹಳೆ ಮನೆಗಳ ಪೆಟ್ಟಿಗೆಗಳಲ್ಲಿ ಉರ್ದು ಕಾಗದ ಸಿಗುತ್ತವೆ. ಅದರಲ್ಲಿ ಇಸವಿಯ ಬದಲು ಫಸಲಿ ವರ್ಷ, ಅಂದರೆ ಕಂದಾಯದ ಹಳೆಯ ವರ್ಷಗಣನೆ ಇರುತ್ತದೆ. 590 ಕೂಡಿಸಿದರೆ ಇಸವಿ ಬರುತ್ತದೆ. 1364 ಫಸಲಿ ಅಂದರೆ 1954–55, ಅಂದರೆ ಖಾಸ್ರಾ ಪಹಣಿ ಎಂಬ ಹಳೆಯ ಜಮೀನು ದಾಖಲೆ ಬರೆದ ವರ್ಷ. ಗಡಿ ತಕರಾರು ಬಂದಾಗ ಅಂಥ ಒಂದು ಹಾಳೆ ತುಂಬ ಕೆಲಸಕ್ಕೆ ಬರುತ್ತದೆ. ಉರ್ದು ಓದಬಲ್ಲ ಹಿರಿಯರು ಇರುವಾಗಲೇ ಓದಿಸಿ, ಸರ್ವೆ ನಂಬರ್, ಹೆಸರು, ಎಕರೆ ಗುಂಟೆಯನ್ನು ಬೇರೆ ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಜೊತೆಗಿಡಿ. ಮೂಲ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಜೂನ್ ಬರುವ ಮೊದಲು ದಡದ ಊರಿನ ನೆಂಟರ ಮನೆಗೆ ಮುಟ್ಟಿಸಿಬಿಡಿ.

ನಮಸ್ಕಾರ.