ಪಟ್ಟಿಯಲ್ಲಿ ಹೆಸರಿಲ್ಲ ಎಂದರೆ ಸತ್ತೇ ಇಲ್ಲವೇ?

ನಮಸ್ಕಾರ. ವೀಕ್ಷಕರೊಬ್ಬರು ಕಳುಹಿಸಿದ ಪ್ರಶ್ನೆಯೇ ಇಂದಿನ ಸಂಚಿಕೆಯ ವಿಷಯ. ಅಮೆರಿಕದಲ್ಲಿ ನಡೆದ ಗುಂಡಿನ ದಾಳಿಯೊಂದರಲ್ಲಿ ಸತ್ತರೆಂದು ಸುದ್ದಿಯಾದವರ ಹೆಸರುಗಳನ್ನು ಅವರು ಅಲ್ಲಿನ ಸಾರ್ವಜನಿಕ ಮರಣಪಟ್ಟಿಯಲ್ಲಿ ಹುಡುಕಿದರಂತೆ. ಒಂದು ಹೆಸರೂ ಸಿಗಲಿಲ್ಲವಂತೆ. ಹಾಗಾದರೆ ಆ ಸಾವುಗಳು ನಡೆದದ್ದು ನಿಜವೇ ಎಂಬುದು ಅವರ ಸಂದೇಹ. ಇಂಥ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವುದು ಸುಲಭ. ಆದರೆ ಸುದ್ದಿಯನ್ನು ದಾಖಲೆಯೊಂದಿಗೆ ತಾಳೆ ನೋಡುವುದು ಒಳ್ಳೆಯ ಅಭ್ಯಾಸವೇ. ತೊಡಕಿರುವುದು ಆ ದಾಖಲೆ ತಯಾರಾಗುವ ಬಗೆಯಲ್ಲಿ.

ಮೂಲಪಾಠವನ್ನು ಬೇಗನೆ ಮುಗಿಸುತ್ತೇನೆ. ಕಾಗದದ ಲೋಕದಲ್ಲಿ ಒಂದು ಸಾವಿಗೆ ಹಲವು ದಿನಾಂಕಗಳಿರುತ್ತವೆ: ವ್ಯಕ್ತಿ ತೀರಿಕೊಂಡ ದಿನ, ವೈದ್ಯರು ಸಾವಿನ ಕಾರಣ ಬರೆದು ಸಹಿ ಹಾಕಿದ ದಿನ, ನೋಂದಣಾಧಿಕಾರಿ ಅದನ್ನು ನೋಂದಾಯಿಸಿದ ದಿನ, ಅಂಕಿಅಂಶ ಇಲಾಖೆಗೆ ಅದು ತಲುಪಿದ ದಿನ, ಕೊನೆಗೆ ನಾವು ನೀವು ನೋಡಬಹುದಾದ ದಿನ. ಈ ದಿನಾಂಕಗಳ ನಡುವಿನ ಅಂತರ ಕೆಲವೊಮ್ಮೆ ಗಂಟೆಗಳದ್ದು, ಕೆಲವೊಮ್ಮೆ ವರ್ಷಗಳದ್ದು. ಒಂದು ದಿನಾಂಕವನ್ನು ಇನ್ನೊಂದೆಂದು ಓದಿದಾಗ ಅನುಮಾನಕ್ಕೆ ದಾರಿ ತೆರೆಯುತ್ತದೆ.

[ಪರದೆಯ ಮೇಲೆ: ಡೆತ್ ಮಾಸ್ಟರ್ ಫೈಲ್]

ನಮ್ಮ ವೀಕ್ಷಕರು ಹುಡುಕಿದ್ದು ಬಹುಶಃ ಇದರ ಸಾರ್ವಜನಿಕ ಪ್ರತಿಯಲ್ಲಿ. ಅಮೆರಿಕದ ಸೋಷಿಯಲ್ ಸೆಕ್ಯುರಿಟಿ ಅಡ್ಮಿನಿಸ್ಟ್ರೇಷನ್ ಸತ್ತವರಿಗೆ ಪಿಂಚಣಿ ಹೋಗದಂತೆ ನೋಡಿಕೊಳ್ಳಲು ಸಂಗ್ರಹಿಸುವ ಮಾಹಿತಿಯಿಂದ ಹುಟ್ಟಿದ ಪಟ್ಟಿಯಿದು. ಮೊಕದ್ದಮೆಯೊಂದರ ಫಲವಾಗಿ 1980ರಿಂದ ಹೊರಗಿನವರಿಗೂ ದೊರೆಯತೊಡಗಿತು. ಬ್ಯಾಂಕುಗಳು, ವಿಮಾ ಕಂಪನಿಗಳು, ತಮ್ಮ ವಂಶವೃಕ್ಷ ಹುಡುಕುವ ಹವ್ಯಾಸಿಗಳು ಇದನ್ನು ಬಳಸುತ್ತ ಬಂದರು. ಬಳಸಿದವರಲ್ಲಿ ವಂಚಕರೂ ಇದ್ದರು: ಸತ್ತ ಮಕ್ಕಳ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯನ್ನು ಇಲ್ಲಿಂದ ಎತ್ತಿಕೊಂಡು ಸುಳ್ಳು ತೆರಿಗೆ ಮರುಪಾವತಿ ಪಡೆದವರಿದ್ದರು. 2011ರ ನವೆಂಬರಿನಲ್ಲಿ, ರಾಜ್ಯಗಳಿಂದ ಬಂದ ದಾಖಲೆಗಳನ್ನು ಹೊರಗೆ ಕೊಡಲು ಕಾನೂನಿನ ಅಡ್ಡಿಯಿದೆಯೆಂದು ಇಲಾಖೆ ಸುಮಾರು 42 ಲಕ್ಷ ಹೆಸರುಗಳನ್ನು ಸಾರ್ವಜನಿಕ ಪ್ರತಿಯಿಂದ ತೆಗೆದುಹಾಕಿತು. ಬಳಿಕ 2013ರ ಬಜೆಟ್ ಕಾಯ್ದೆಯ ಮೂಲಕ ಇನ್ನೊಂದು ಬೀಗ ಬಿತ್ತು: ವ್ಯಕ್ತಿ ಸತ್ತ ಮೂರು ವರ್ಷಗಳವರೆಗೆ ಆ ದಾಖಲೆ ಪ್ರಮಾಣೀಕೃತ ಬಳಕೆದಾರರಿಗೆ ಮಾತ್ರ ಸಿಗಬೇಕು.

ಅಂದರೆ, ಈ ವರ್ಷ ತೀರಿಕೊಂಡವರ ಹೆಸರನ್ನು ಯಾವುದಾದರೂ ವಂಶಾವಳಿ ಜಾಲತಾಣದ ಉಚಿತ ಪಟ್ಟಿಯಲ್ಲಿ ಹುಡುಕಿದರೆ ಸಿಗದಿರುವುದೇ ಕಾನೂನಿನ ಪ್ರಕಾರ ಸರಿಯಾದ ಫಲಿತಾಂಶ. ಮೂರು ವರ್ಷ ಬಿಟ್ಟು ಮತ್ತೆ ಹುಡುಕಿ ಎಂದು ಹೇಳಬಹುದು. ಆದರೆ ಅನುಮಾನಪಡುವವರಿಗೆ ಅಷ್ಟು ತಾಳ್ಮೆಯಿರುವುದಿಲ್ಲ. ವಿಡಿಯೋ ಮಾಡುವವರಿಗಂತೂ, ನನ್ನನ್ನೂ ಸೇರಿಸಿ, ಮೂರು ದಿನದ ತಾಳ್ಮೆಯೂ ಇರುವುದಿಲ್ಲ.

ದಾಖಲೆಯನ್ನು ಕೈಗೇ ಕೊಟ್ಟರೆ ಅನುಮಾನ ತೀರುತ್ತದೆಯೇ? 2012ರ ಡಿಸೆಂಬರ್ 14ರಂದು ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳೂ 6 ಮಂದಿ ವಯಸ್ಕರೂ ಹತರಾದರು. ಅದೆಲ್ಲ ನಾಟಕವೆಂದು ಸಾರುತ್ತಿದ್ದವರ ಬಾಯಿ ಮುಚ್ಚಿಸಲು ಒಬ್ಬ ತಂದೆ ತನ್ನ ಮಗನ ಮರಣ ಪ್ರಮಾಣಪತ್ರವನ್ನೇ ಬಹಿರಂಗಪಡಿಸಿದರು. ಆ ಪ್ರಮಾಣಪತ್ರವೇ ನಕಲಿ ಎಂದು ಬರೆದ ಪುಸ್ತಕವೊಂದು ಬಂತು. ತಂದೆ ವಿಸ್ಕಾನ್ಸಿನ್‌ನ ನ್ಯಾಯಾಲಯಕ್ಕೆ ಹೋದರು. 2019ರ ಜೂನ್‌ನಲ್ಲಿ ನ್ಯಾಯಾಧೀಶರು ಅದನ್ನು ಮಾನಹಾನಿ ಎಂದು ತೀರ್ಮಾನಿಸಿದರು, ಅಕ್ಟೋಬರಿನಲ್ಲಿ ಜ್ಯೂರಿ ನಾಲ್ಕೂವರೆ ಲಕ್ಷ ಡಾಲರ್ ಪರಿಹಾರ ವಿಧಿಸಿತು. ಸತ್ತ ಮಗುವಿನ ತಂದೆ ತನ್ನ ಮಗು ಸತ್ತದ್ದನ್ನು ನ್ಯಾಯಾಲಯದಲ್ಲಿ ನಿಂತು ಸಾಧಿಸಬೇಕಾದ ಸ್ಥಿತಿಗೆ ನನಗೆ ಮೃದುವಾದ ಶಬ್ದ ತೋಚುತ್ತಿಲ್ಲ. ಇಂಥ ಹಟಕ್ಕೆ ಯಾವ ದಾಖಲೆಯೂ ಮದ್ದಾಗದು. ನಾನು ಮಾತನಾಡಬೇಕೆಂದಿರುವುದು ಪ್ರಾಮಾಣಿಕವಾಗಿ ಗೊಂದಲಕ್ಕೆ ಬಿದ್ದವರ ಬಗ್ಗೆ.

[ಪರದೆಯ ಮೇಲೆ: ಬಲತುದಿಯಲ್ಲಿ ಕೆಳಗೆ ಬಾಗಿರುವ ಗ್ರಾಫ್]

ಈಗ ನನಗೆ ಬಹಳ ಪ್ರಿಯವಾದ ಭಾಗಕ್ಕೆ ಬಂದೆ, ಆದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಪ್ರತಿ ವಾರ ಎಷ್ಟು ಜನ ಸತ್ತರು ಎಂಬುದನ್ನು ಸಾವಿನ ದಿನಾಂಕದ ಪ್ರಕಾರ ಜೋಡಿಸಿದ ಗ್ರಾಫ್ ಇದು. ಬಲತುದಿಯ ಕೊನೆಯ ಕೆಲವು ವಾರಗಳಲ್ಲಿ ಗೆರೆ ಕೆಳಗೆ ಜಾರುತ್ತದೆ. ಈ ಗ್ರಾಫನ್ನು ಯಾವ ತಿಂಗಳಲ್ಲಿ ತೆರೆದು ನೋಡಿದರೂ, ಸಾಂಕ್ರಾಮಿಕ ಏರುತ್ತಿರಲಿ ಇಳಿಯುತ್ತಿರಲಿ, ಬಾಲ ಮಾತ್ರ ಯಾವಾಗಲೂ ಕೆಳಮುಖವಾಗಿಯೇ ಇರುತ್ತದೆ.

ನಿಮ್ಮ ಮೇಜಿನ ಮೇಲೆ ಇಂದಿನವರೆಗೆ ಬಂದ ಕಾಗದಗಳ ರಾಶಿಯಿದೆಯೆಂದು ಭಾವಿಸಿ, ಅವುಗಳನ್ನು ಅಂಚೆಗೆ ಹಾಕಿದ ದಿನಾಂಕದ ಪ್ರಕಾರ ವಿಂಗಡಿಸಿ. ಹೋದ ತಿಂಗಳು ಹಾಕಿದ ಕಾಗದಗಳು ಹೆಚ್ಚುಕಡಿಮೆ ಎಲ್ಲವೂ ಬಂದಿವೆ. ಹೋದ ವಾರದವು ಅರ್ಧದಷ್ಟು ಬಂದಿವೆ. ನಿನ್ನೆ ಹಾಕಿದವು ಒಂದೋ ಎರಡೋ ಇವೆ. ಈ ರಾಶಿಯನ್ನು ನೋಡಿ, ಜನರು ನಿನ್ನೆಯಿಂದ ಕಾಗದ ಬರೆಯುವುದನ್ನೇ ನಿಲ್ಲಿಸಿದ್ದಾರೆ ಎಂದು ನೀವು ತೀರ್ಮಾನಿಸುತ್ತೀರಾ? ತೀರ್ಮಾನಿಸಿದರೆ ನಾಳೆಯೂ ಅದೇ ತೀರ್ಮಾನಕ್ಕೆ ಬರುತ್ತೀರಿ, ನಾಡಿದ್ದೂ ಬರುತ್ತೀರಿ, ಮತ್ತು ಪ್ರತಿ ದಿನವೂ ನಿಮ್ಮ ಕೈಯಲ್ಲಿ ಅಂಕಿಸಂಖ್ಯೆಯ ಪುರಾವೆ ಇರುತ್ತದೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ ತನ್ನ ತಾತ್ಕಾಲಿಕ ಮರಣಸಂಖ್ಯೆಯ ಕೋಷ್ಟಕಗಳ ಜೊತೆಗೆ ಇತ್ತೀಚಿನ ವಾರಗಳ ಎಣಿಕೆ ಅಪೂರ್ಣವೆಂದು ಬರೆದೇ ಇರುತ್ತದೆ. ಆದರೆ ಗ್ರಾಫಿನ ಚಿತ್ರ ಹಂಚಿಕೆಯಾಗುವಷ್ಟು ವೇಗದಲ್ಲಿ ಅಡಿಟಿಪ್ಪಣಿ ಹಂಚಿಕೆಯಾಗುವುದಿಲ್ಲ.

ನನಗೆ ಅಚ್ಚರಿಯೆನಿಸಿದ್ದು ಇದರ ಮುಂದಿನ ಹಂತ. ಇಂದು ಗ್ರಾಫಿನ ಚಿತ್ರ ತೆಗೆದಿಟ್ಟುಕೊಂಡವರು ಆರು ವಾರಗಳ ನಂತರ ಅದೇ ಗ್ರಾಫನ್ನು ಮತ್ತೆ ತೆರೆದರೆ, ಅಂದು ಇಳಿದಿದ್ದ ವಾರಗಳೆಲ್ಲ ಈಗ ಮೇಲೆದ್ದಿರುತ್ತವೆ. ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟರೆ, ಕಳೆದುಹೋದ ವಾರಗಳ ಸಾವಿನ ಸಂಖ್ಯೆಯನ್ನು ಯಾರೋ ಸದ್ದಿಲ್ಲದೆ ಏರಿಸಿದಂತೆ ಕಾಣುತ್ತದೆ. ಹೀಗೆ ಒಂದೇ ಗ್ರಾಫ್ ಮೊದಲು ರೋಗ ಮುಗಿದಿದೆ, ಸರ್ಕಾರ ಹೆದರಿಸುತ್ತಿದೆ ಎಂಬುದಕ್ಕೆ ಸಾಕ್ಷಿಯಾಗುತ್ತದೆ. ಅನಂತರ ಸರ್ಕಾರ ಹಳೆಯ ಲೆಕ್ಕವನ್ನು ತಿದ್ದುತ್ತಿದೆ ಎಂಬುದಕ್ಕೂ ಸಾಕ್ಷಿಯಾಗುತ್ತದೆ. ಎರಡೂ ಬಾರಿ ನಡೆದದ್ದು ತಡವಾದ ಕಾಗದಗಳು ಬಂದು ಸೇರಿದ್ದು, ಅಷ್ಟೇ.

ಇದಕ್ಕಿಂತಲೂ ಸೂಕ್ಷ್ಮವಾದ ವಿಷಯವೊಂದಿದೆ: ಎಲ್ಲ ಸಾವುಗಳೂ ಸಮಾನವಾಗಿ ತಡವಾಗುವುದಿಲ್ಲ. ವೃದ್ಧರೊಬ್ಬರು ಹೃದಯದ ಕಾಯಿಲೆಯಿಂದ ಆಸ್ಪತ್ರೆಯಲ್ಲಿ ತೀರಿಕೊಂಡರೆ ಕಾಗದ ಬೇಗ ಮುಗಿಯುತ್ತದೆ. ಅಪಘಾತ, ಆತ್ಮಹತ್ಯೆ, ಮಾದಕವಸ್ತುವಿನ ಅತಿಸೇವನೆ ಮುಂತಾದವುಗಳಿಗೆ ಶವಪರೀಕ್ಷೆ, ವಿಷಪರೀಕ್ಷೆ, ವಿಚಾರಣೆ ಎಲ್ಲವೂ ಬೇಕು. ಅತಿಸೇವನೆಯ ಸಾವುಗಳ ಅಂಕಿಯನ್ನು ಸಿಡಿಸಿ ನಾಲ್ಕು ತಿಂಗಳು ಕಾದು ಪ್ರಕಟಿಸುವುದು ಇದೇ ಕಾರಣಕ್ಕೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕೊರೋನರ್ ಎಂಬ ಅಧಿಕಾರಿಯ ವಿಚಾರಣೆ ಮುಗಿಯುವವರೆಗೆ ಇಂಥ ಸಾವುಗಳ ನೋಂದಣಿಯೇ ಆಗುವುದಿಲ್ಲವಾದ್ದರಿಂದ, ಒಂದು ವರ್ಷದಲ್ಲಿ ನೋಂದಣಿಯಾಗುವ ಆತ್ಮಹತ್ಯೆಗಳಲ್ಲಿ ಸುಮಾರು ಅರ್ಧದಷ್ಟು ಹಿಂದಿನ ವರ್ಷಗಳಲ್ಲಿ ನಡೆದವಾಗಿರುತ್ತವೆ. ಯುವಜನರ ಸಾವುಗಳಲ್ಲಿ ಈ ಬಗೆಯವೇ ಹೆಚ್ಚು. ಆದ್ದರಿಂದ ಇತ್ತೀಚಿನ ತಿಂಗಳುಗಳಲ್ಲಿ ಯುವಕರು ಸಾಯುತ್ತಲೇ ಇಲ್ಲವೆಂಬಂತೆ ಪಟ್ಟಿ ತೋರಿಸುತ್ತದೆ. ಬಳಿಕ ಅವರ ಸಾವುಗಳು ಒಮ್ಮೆಗೇ ಏರಿದಂತೆ ಕಾಣುತ್ತವೆ. ಆ ನಡುವೆ ದೇಶದಲ್ಲಿ ಏನು ನಡೆದಿರುತ್ತದೋ ಅದರ ಮೇಲೆ ದೂರು ಹೊರಿಸಲು ಜನ ಸಿದ್ಧರಾಗಿರುತ್ತಾರೆ. ಯುರೋಪಿನ ಯುರೋಮೋಮೋ ಎಂಬ ಜಾಲ ವಾರದ ಸಾವುಗಳನ್ನು ಅಂದಾಜಿಸುವಾಗ ಹಿಂದಿನ ವಿಳಂಬದ ಮಾದರಿಯನ್ನು ಲೆಕ್ಕಕ್ಕೆ ತೆಗೆದುಕೊಂಡು ಬಾಲವನ್ನು ಸರಿಪಡಿಸುತ್ತದೆ.

ಇಷ್ಟು ಹೇಳಿದ ಮೇಲೆ ಅನುಮಾನವೆಲ್ಲ ಅಜ್ಞಾನ ಎಂದು ನಾನು ವಾದಿಸುತ್ತಿದ್ದೇನೆಂದು ಭಾವಿಸಬೇಡಿ. ವಿಳಂಬದಲ್ಲಿ ಎರಡು ಬಗೆಗಳಿವೆ: ಕೆಲಸವೇ ತೆಗೆದುಕೊಳ್ಳುವ ಸಮಯ ಒಂದು, ಕೊಡಲು ಮನಸ್ಸಿಲ್ಲದ ಸಮಯ ಇನ್ನೊಂದು.

[ಪರದೆಯ ಮೇಲೆ: ಪೋರ್ಟೊ ರಿಕೊ ನಕ್ಷೆ]

2017ರ ಸೆಪ್ಟೆಂಬರ್ 20ರಂದು ಮರಿಯಾ ಚಂಡಮಾರುತ ಅಮೆರಿಕದ ಅಧೀನದಲ್ಲಿರುವ ಪೋರ್ಟೊ ರಿಕೊ ದ್ವೀಪಕ್ಕೆ ಅಪ್ಪಳಿಸಿತು. ಅಧಿಕೃತ ಸಾವಿನ ಸಂಖ್ಯೆ 64ಕ್ಕೆ ಬಂದು ನಿಂತಿತು. ತಿಂಗಳುಗಟ್ಟಲೆ ವಿದ್ಯುತ್ತಿಲ್ಲದ ದ್ವೀಪದಲ್ಲಿ, ಆಮ್ಲಜನಕದ ಯಂತ್ರ ನಿಂತು ತೀರಿಕೊಂಡವರು, ಡಯಾಲಿಸಿಸ್ ತಪ್ಪಿ ತೀರಿಕೊಂಡವರು ಈ 64ರಲ್ಲಿ ಸೇರಲಿಲ್ಲ, ಏಕೆಂದರೆ ಅವರ ಪ್ರಮಾಣಪತ್ರದಲ್ಲಿ ಉಸಿರಾಟದ ತೊಂದರೆ ಅಥವಾ ಮೂತ್ರಪಿಂಡದ ವೈಫಲ್ಯ ಎಂದಷ್ಟೇ ಇರುತ್ತಿತ್ತು, ಚಂಡಮಾರುತದ ಹೆಸರಿರುತ್ತಿರಲಿಲ್ಲ. ವಿಪತ್ತಿನ ಸಾವನ್ನು ಹೇಗೆ ಬರೆಯಬೇಕೆಂಬ ತರಬೇತಿಯೂ ವೈದ್ಯರಿಗೆ ಸಿಕ್ಕಿರಲಿಲ್ಲ. ಇಲ್ಲಿಯವರೆಗಿನದನ್ನು ವ್ಯವಸ್ಥೆಯ ಕೊರತೆ ಎನ್ನಬಹುದು. ಆದರೆ ಪತ್ರಕರ್ತರು ಮರಣ ದಾಖಲೆಗಳನ್ನು ಕೇಳಿದಾಗ ಸರ್ಕಾರ ಕೊಡಲಿಲ್ಲ. ಸಿಎನ್‌ಎನ್ ಮತ್ತು ಅಲ್ಲಿನ ತನಿಖಾ ಪತ್ರಿಕೋದ್ಯಮ ಕೇಂದ್ರ ನ್ಯಾಯಾಲಯಕ್ಕೆ ಹೋಗಬೇಕಾಯಿತು, 2018ರ ಜೂನ್‌ನಲ್ಲಿ ನ್ಯಾಯಾಲಯ ದಾಖಲೆ ಕೊಡುವಂತೆ ಆದೇಶಿಸಬೇಕಾಯಿತು.

ಆ ನಡುವಿನ ಶೂನ್ಯವನ್ನು ಬೇರೆ ಸಂಖ್ಯೆಗಳು ತುಂಬಿದವು. ಹಾರ್ವರ್ಡ್ ಸಂಶೋಧಕರು 3,299 ಮನೆಗಳ ಸಮೀಕ್ಷೆಯಿಂದ 2018ರ ಮೇ ತಿಂಗಳಲ್ಲಿ 4,645 ಎಂಬ ಅಂದಾಜು ಕೊಟ್ಟರು. ಅದರ ಅನಿಶ್ಚಿತತೆಯ ವ್ಯಾಪ್ತಿ 793ರಿಂದ 8,498ರವರೆಗೆ ಇತ್ತು. ಆದರೆ ಜನರಿಗೆ ಅನಿಶ್ಚಿತತೆ ಬೇಕಿರಲಿಲ್ಲ, ಒಂದು ಸಂಖ್ಯೆ ಬೇಕಿತ್ತು. ಅದು ಪ್ರತಿಭಟನೆಯ ಫಲಕಗಳನ್ನು ಏರಿತು. ರಾಜಧಾನಿ ಸಾನ್ ಹುವಾನ್‌ನ ಶಾಸನಭವನದ ಮುಂದೆ ಜನರು ಸತ್ತವರ ನೆನಪಿಗೆ ಪಾದರಕ್ಷೆಗಳನ್ನು ಸಾಲಾಗಿ ಇಟ್ಟರು. ಆಗಸ್ಟ್ ಕೊನೆಯಲ್ಲಿ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಧ್ಯಯನ 2,975 ಹೆಚ್ಚುವರಿ ಸಾವುಗಳನ್ನು, ಅಂದರೆ ಸಾಮಾನ್ಯವಾಗಿ ಆಗುವುದಕ್ಕಿಂತ ಹೆಚ್ಚಾಗಿ ಆದ ಸಾವುಗಳನ್ನು, ಅಂದಾಜಿಸಿತು, ಸರ್ಕಾರ ಅದನ್ನು ಒಪ್ಪಿಕೊಂಡಿತು. ಎರಡು ವಾರಗಳ ಬಳಿಕ, ಸೆಪ್ಟೆಂಬರ್ 13ರಂದು, ಅಧ್ಯಕ್ಷ ಟ್ರಂಪ್ ಅಷ್ಟು ಜನ ಸತ್ತೇ ಇಲ್ಲ, ಇದು ತಮ್ಮ ಹೆಸರು ಕೆಡಿಸಲು ಡೆಮಾಕ್ರಾಟರು ಮಾಡಿದ ಲೆಕ್ಕ ಎಂದು ಟ್ವೀಟ್ ಮಾಡಿದರು. 64 ಎಂಬ ಸಂಖ್ಯೆಯನ್ನು ಅಷ್ಟು ಕಾಲ ಹಿಡಿದು ನಿಂತಿದ್ದ ದ್ವೀಪದ ಆಡಳಿತ, ತನ್ನ ಮೇಲಿನ ಅನುಮಾನಕ್ಕೂ ಸತ್ತವರ ಮೇಲಿನ ಅನುಮಾನಕ್ಕೂ ಒಟ್ಟಿಗೆ ಎಡೆ ಮಾಡಿಕೊಟ್ಟಿತು.

ಭಾರತದ ಉದಾಹರಣೆಯೂ ಇದೇ ಸಾಲಿನದು. 1969ರ ಜನನ ಮರಣ ನೋಂದಣಿ ಕಾಯ್ದೆಯಡಿ ಸಾವನ್ನು 21 ದಿನಗಳೊಳಗೆ ತಿಳಿಸಬೇಕು, ವರ್ಷ ಮೀರಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಇದು ಕುಟುಂಬಗಳಿಗೆ ಹಾಕಿದ ಗಡುವು; ಒಟ್ಟು ಲೆಕ್ಕ ಪ್ರಕಟಿಸುವವರ ಗತಿ ಬೇರೆ. 2022ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ 2020 ಮತ್ತು 2021ರಲ್ಲಿ ಭಾರತದಲ್ಲಿ ಸುಮಾರು 47 ಲಕ್ಷ ಹೆಚ್ಚುವರಿ ಸಾವುಗಳಾದವೆಂದು ಅಂದಾಜಿಸಿತು. ಆ ಎರಡು ವರ್ಷಗಳ ಅಧಿಕೃತ ಕೋವಿಡ್ ಸಾವುಗಳು ಐದು ಲಕ್ಷಕ್ಕಿಂತ ಕಡಿಮೆ. ಸರ್ಕಾರ ಆ ಮಾದರಿಯನ್ನು ತಿರಸ್ಕರಿಸಿತು. ಅದಕ್ಕೆ ಎರಡು ದಿನ ಮೊದಲಷ್ಟೇ 2020ರ ನಾಗರಿಕ ನೋಂದಣಿ ವರದಿ ಬಂದಿತ್ತು. ಎರಡನೆಯ ಅಲೆಯ ವರ್ಷವಾದ 2021ರ ವರದಿ ಪ್ರಕಟವಾದದ್ದು 2025ರ ಮೇ ತಿಂಗಳಲ್ಲಿ. ಅದರ ಪ್ರಕಾರ ಆ ವರ್ಷ ಸುಮಾರು 1 ಕೋಟಿ 2 ಲಕ್ಷ ಸಾವುಗಳು ನೋಂದಣಿಯಾದವು. ಹಿಂದಿನ ವರ್ಷ ಆದದ್ದು ಸುಮಾರು 81 ಲಕ್ಷ. ಈ ಏರಿಕೆಯೆಲ್ಲ ಕೋವಿಡ್‌ನದೇ ಎನ್ನಲಾಗದು. ಆದರೆ ವಾದವನ್ನು ಅಂಕಿಗಳ ಮೇಲೆ ನಡೆಸಬೇಕಿದ್ದ ನಾಲ್ಕು ವರ್ಷ ಎಲ್ಲರೂ ಊಹೆಯ ಮೇಲೆ ನಡೆಸಿದರು, ಮತ್ತು ಇದರ ಹೊಣೆಯನ್ನು ಊಹಿಸಿದವರ ಮೇಲೆ ಮಾತ್ರ ಹಾಕುವುದು ನನಗೆ ಒಪ್ಪಿಗೆಯಿಲ್ಲ.

ಸಮಯ ಮೀರುತ್ತಿದೆ. ಉಳಿದವನ್ನು ಒಂದೇ ಉಸಿರಿನಲ್ಲಿ ಹೇಳುತ್ತೇನೆ. ಲೆಕ್ಕದ ನಿಯಮ ಬದಲಾದಾಗಲೂ ಸಂಖ್ಯೆ ಜಿಗಿಯುತ್ತದೆ: ಕೋವಿಡ್ ಸೋಂಕು ದೃಢಪಟ್ಟ 28 ದಿನಗಳೊಳಗಿನ ಸಾವುಗಳನ್ನಷ್ಟೇ ಎಣಿಸಲು ನಿರ್ಧರಿಸಿದ ಬ್ರಿಟನ್ನಿನಲ್ಲಿ 2020ರ ಆಗಸ್ಟ್ 12ರಂದು 5,377 ಸಾವುಗಳು ಪಟ್ಟಿಯಿಂದ ಇಳಿದವು. ಅದೇ ವರ್ಷದ ಏಪ್ರಿಲ್ 17ರಂದು ಚೀನಾದ ವುಹಾನ್ ನಗರ ತನ್ನ ಲೆಕ್ಕಕ್ಕೆ 1,290 ಸಾವುಗಳನ್ನು ಸೇರಿಸಿ 3,869 ಎಂದಿತು, ಮತ್ತು ಹೆಚ್ಚಳ ಹೆಚ್ಚುಕಡಿಮೆ ಕರಾರುವಾಕ್ಕಾಗಿ ಶೇಕಡಾ 50 ಆದದ್ದನ್ನು ಅನುಮಾನಿಗಳು ಗಮನಿಸದೇ ಬಿಡಲಿಲ್ಲ. 2010ರಲ್ಲಿ ಜಪಾನಿನಲ್ಲಿ, ನೂರು ದಾಟಿದ, ಎಲ್ಲಿದ್ದಾರೆಂದೇ ತಿಳಿಯದ 2,30,000ಕ್ಕೂ ಹೆಚ್ಚು ಮಂದಿ ಕುಟುಂಬ ನೋಂದಣಿ ಪುಸ್ತಕದಲ್ಲಿ ಬದುಕೇ ಇದ್ದರು. ಅಮೆರಿಕದಲ್ಲಿ 1920 ಅಥವಾ ಅದಕ್ಕಿಂತ ಮೊದಲು ಹುಟ್ಟಿದ, ಸಾವಿನ ದಿನಾಂಕ ನಮೂದಾಗದ 1 ಕೋಟಿ 89 ಲಕ್ಷ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಗಳಿವೆಯೆಂದು 2023ರಲ್ಲಿ ಸೋಷಿಯಲ್ ಸೆಕ್ಯುರಿಟಿ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ವರದಿ ಹೇಳಿತು; ಅವರಲ್ಲಿ ಸುಮಾರು ಶೇಕಡಾ 98ರಷ್ಟು ಜನರಿಗೆ ಯಾವ ಹಣವೂ ಹೋಗುತ್ತಿಲ್ಲವೆಂದೂ ಅದೇ ವರದಿ ಹೇಳಿತ್ತು. 2025ರ ಫೆಬ್ರವರಿಯಲ್ಲಿ ಎಲಾನ್ ಮಸ್ಕ್ ಇದೇ ಬಗೆಯ ಕೋಷ್ಟಕವನ್ನು ಹಂಚಿಕೊಂಡು ಭಾರಿ ವಂಚನೆಯ ಸುಳಿವು ಕೊಟ್ಟಾಗ ಮೊದಲ ವಾಕ್ಯ ಎಲ್ಲೆಡೆ ಹರಡಿತು, ಎರಡನೆಯದು ಹರಡಲಿಲ್ಲ.

ಇನ್ನು ಬದುಕಿರುವವರನ್ನೇ ಸತ್ತವರ ಪಟ್ಟಿಗೆ ಸೇರಿಸಿಬಿಡುವ ತಪ್ಪು ಇದಕ್ಕೆ ತದ್ವಿರುದ್ಧವಾದದ್ದು. ಬ್ಯಾಂಕ್ ಖಾತೆ ಸ್ಥಗಿತಗೊಂಡು, ಪಿಂಚಣಿ ನಿಂತು, ಕಚೇರಿಯ ಕಿಟಕಿಯ ಮುಂದೆ ಖುದ್ದಾಗಿ ನಿಂತರೂ ನೀವು ಸತ್ತಿದ್ದೀರಿ ಎಂಬ ಉತ್ತರ ಪಡೆದವರ ಬಗ್ಗೆ ಹೇಳಲು ಒಂದು ಪೂರ್ಣ ಸಂಚಿಕೆಯೇ ಬೇಕು. ಅದನ್ನು ಮುಂದಿನ ಬಾರಿ ಮಾಡೋಣ. ನಮಸ್ಕಾರ.